ಸ್ಪೀಕರ್ ಕೇಬಲ್ ಎಷ್ಟು ದಪ್ಪ ಇರಬೇಕು? ಅಳೆದು, ಲೆಕ್ಕ ಹಾಕಿ, ಪರೀಕ್ಷಿಸಿ ಕೊಳ್ಳುವ ಕ್ರಮ

ಹೊಸ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಮನೆಗೆ ಬಂದ ಮೇಲೆ ಓದುಗರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಹದಿನಾರು ಗೇಜ್ ಸಾಕೇ, ಹದಿನಾಲ್ಕು ಬೇಕೇ?" ಗೇಜ್ ಎಂದರೆ ತಂತಿಯ ದಪ್ಪವನ್ನು ಹೇಳುವ ಅಂಕಿ. ಉತ್ತರ ಹೇಳುವ ಮೊದಲು ನಾನು ಎರಡು ಸಂಗತಿ ಕೇಳಬೇಕಾಗುತ್ತದೆ. ಕೇಬಲ್ ಎಷ್ಟು ಮೀಟರ್ ಓಡಬೇಕು? ಸ್ಪೀಕರ್ ಎಷ್ಟು ಓಮ್‌ನದು? ಅಂಗಡಿಯಲ್ಲಿ ಸಾಮಾನ್ಯವಾಗಿ ಇವೆರಡನ್ನೂ ಕೇಳುವುದಿಲ್ಲ. ಎಷ್ಟು ವ್ಯಾಟ್, ಎಷ್ಟು ಬಜೆಟ್ ಎಂದು ಕೇಳುತ್ತಾರೆ. ಮನೆಯ ಬಳಕೆಯ ಮಟ್ಟದಲ್ಲಿ ವ್ಯಾಟ್‌ಗೂ ಕೇಬಲ್‌ನ ದಪ್ಪಕ್ಕೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ, ಏಕೆಂದರೆ ತಂತಿಯಲ್ಲಿ ನಷ್ಟವಾಗುವ ಪಾಲು ನೀವು ಸಣ್ಣ ದನಿಯಲ್ಲಿ ಕೇಳಿದರೂ ದೊಡ್ಡ ದನಿಯಲ್ಲಿ ಕೇಳಿದರೂ ಅಷ್ಟೇ ಇರುತ್ತದೆ.

ಮುಂದಿನ ಹಂತಗಳಿಗೆ ಅಳತೆ ಟೇಪು, ಒಂದು ಸ್ಕೇಲು, ಪೆನ್ಸಿಲ್, ಬ್ಲೇಡು ಮತ್ತು ಒಂದೂವರೆ ವೋಲ್ಟಿನ ಸೆಲ್ ಬೇಕು. ಮಲ್ಟಿಮೀಟರ್ ಇದ್ದರೆ ಅನುಕೂಲ, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಮೂರು ಪದಗಳನ್ನು ಮೊದಲೇ ತಿಳಿದುಕೊಂಡರೆ ಉಳಿದದ್ದು ಸುಲಭ. ತಂತಿಯು ವಿದ್ಯುತ್ತಿಗೆ ಒಡ್ಡುವ ಅಡ್ಡಿಗೆ ರೋಧ ಎನ್ನುತ್ತೇವೆ. ಅದರ ಅಳತೆ ಓಮ್. ಸ್ಪೀಕರ್ ಒಡ್ಡುವ ಅಡ್ಡಿಯೂ ಓಮ್‌ನಲ್ಲಿಯೇ ಇದ್ದರೂ ಅದು ಸ್ವರದ ಕಂಪನಾಂಕಕ್ಕೆ ತಕ್ಕಂತೆ ಏರಿಳಿಯುವುದರಿಂದ ಅದಕ್ಕೆ ಇಂಪಿಡೆನ್ಸ್ ಎಂಬ ಬೇರೆ ಹೆಸರಿದೆ. ಮೂರನೆಯದು ತಂತಿಯ ದಪ್ಪ. ತಂತಿಯನ್ನು ಕತ್ತರಿಸಿದಾಗ ಕಾಣುವ ಲೋಹದ ಮುಖದ ವಿಸ್ತೀರ್ಣವನ್ನು ಚದರ ಮಿಲಿಮೀಟರ್‌ನಲ್ಲಿ ಹೇಳುತ್ತಾರೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ "ಒಂದೂವರೆ ಸ್ಕ್ವೇರ್", "ಎರಡೂವರೆ ಸ್ಕ್ವೇರ್" ಎನ್ನುವುದು ಇದನ್ನೇ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಕೈಬೆರಳಿನಷ್ಟು ದಪ್ಪವಾಗಿ ಕಾಣುವ ಪಾರದರ್ಶಕ ಕೇಬಲ್‌ನೊಳಗೆ ಬೆಂಕಿಕಡ್ಡಿಗಿಂತ ತೆಳುವಾದ ಲೋಹವಿರುವುದು ಅಪರೂಪವೇನಲ್ಲ.

1. ದಾರಿಯನ್ನು ಅಳೆಯಿರಿ

ಆಂಪ್ಲಿಫೈಯರ್‌ನಿಂದ ಸ್ಪೀಕರ್‌ವರೆಗೆ ಕೇಬಲ್ ನಿಜವಾಗಿ ಸಾಗುವ ದಾರಿಯನ್ನು ಅಳೆಯಬೇಕೇ ಹೊರತು ಕಣ್ಣಿಗೆ ಕಾಣುವ ನೇರ ದೂರವನ್ನಲ್ಲ. ಬಾಗಿಲು ಅಡ್ಡ ಬಂದರೆ ಚೌಕಟ್ಟನ್ನು ಹತ್ತಿ ಇಳಿಯಬೇಕು, ಫಾಲ್ಸ್ ಸೀಲಿಂಗ್ ಮೂಲಕ ಹೋದರೆ ಗೋಡೆಯ ಎತ್ತರ ಎರಡು ಬಾರಿ ಸೇರುತ್ತದೆ. ಕೊನೆಗೆ ಒಂದು ಮೀಟರ್ ಹೆಚ್ಚುವರಿ ಸೇರಿಸಿ, ಏಕೆಂದರೆ ಸ್ಪೀಕರನ್ನು ಮುಂದೆ ಎಳೆದು ಕಸ ಗುಡಿಸುವ ದಿನ ಬಂದೇ ಬರುತ್ತದೆ.

ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಯ ಹಾಲ್ ಒಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಟಿ.ವಿ. ಕೆಳಗೆ ಆಂಪ್ಲಿಫೈಯರ್ ಇದೆ. ಮುಂದಿನ ಎಡ ಸ್ಪೀಕರ್‌ಗೆ 3 ಮೀಟರ್, ಬಲಕ್ಕೆ 5 ಮೀಟರ್ ಸಾಕು. ಹಿಂದಿನ ಸರೌಂಡ್ ಸ್ಪೀಕರ್‌ಗೆ ಮಾತ್ರ ಗೋಡೆ ಹತ್ತಲು 2.5, ಸೀಲಿಂಗ್‌ನ ಉದ್ದಕ್ಕೆ 4.5, ಅಡ್ಡಕ್ಕೆ 3.5, ಇಳಿಯಲು 1, ಹೆಚ್ಚುವರಿ 1 ಸೇರಿ ಒಟ್ಟು 12.5 ಮೀಟರ್ ಆಗುತ್ತದೆ. ಎದುರಿಗೆ ಕುಳಿತು ನೋಡಿದರೆ ಅದು ಆರು ಮೀಟರ್‌ಗಿಂತ ಹೆಚ್ಚೆಂದು ಯಾರಿಗೂ ಅನ್ನಿಸುವುದಿಲ್ಲ.

ಗಮನಿಸಿ: ವಿದ್ಯುತ್ತು ಒಂದು ತಂತಿಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳುತ್ತದೆ. ಹಾಗೆಂದು ಅಳತೆಯನ್ನು ಎರಡರಿಂದ ಗುಣಿಸಬೇಡಿ. ಮುಂದೆ ಕೊಡುವ ಸೂತ್ರದಲ್ಲಿ ಹೋಗಿಬರುವ ದಾರಿ ಈಗಾಗಲೇ ಸೇರಿದೆ.

2. ಓಮ್ ಅಂಕಿಯನ್ನು ಓದಿ

ಸ್ಪೀಕರ್‌ನ ಹಿಂಬದಿಯ ಚೀಟಿಯಲ್ಲಿ 4, 6 ಅಥವಾ 8 ಓಮ್ ಎಂದು ಬರೆದಿರುತ್ತದೆ. ಕೆಲವು ಹೋಂ ಥಿಯೇಟರ್ ಸೆಟ್‌ಗಳಲ್ಲಿ 3 ಓಮ್ ಕೂಡ ಕಾಣಸಿಗುತ್ತದೆ. "4–8 ಓಮ್" ಎಂದು ಬರೆದಿದ್ದರೆ 4 ಎಂದೇ ಹಿಡಿಯಿರಿ. ಈ ಅಂಕಿ ಒಂದು ನಾಮಮಾತ್ರದ ಮೌಲ್ಯ. ಅಂತರರಾಷ್ಟ್ರೀಯ ಮಾನಕದ ಪ್ರಕಾರ ನಿಜವಾದ ಇಂಪಿಡೆನ್ಸ್ ಇದರ ಶೇಕಡ 80ಕ್ಕಿಂತ ಕೆಳಗೆ ಇಳಿಯಬಾರದು. ಅಂದರೆ 8 ಓಮ್‌ನ ಸ್ಪೀಕರ್ ಕೆಲವು ಸ್ವರಗಳಲ್ಲಿ 6.4 ಓಮ್‌ಗೆ ಇಳಿಯಬಹುದು, ಬೇರೆ ಕೆಲವು ಸ್ವರಗಳಲ್ಲಿ 40 ಓಮ್‌ಗೂ ಏರಬಹುದು. ಈ ಏರಿಳಿತದ ಮಾತು ಮುಂದಿನ ಹಂತದಲ್ಲಿ ಮತ್ತೆ ಬರುತ್ತದೆ.

ಒಂದೇ ಕೇಬಲ್‌ನ ತುದಿಗೆ ಎರಡು 8 ಓಮ್ ಸ್ಪೀಕರ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಕೇಬಲ್‌ನ ಪಾಲಿಗೆ ಅದು 4 ಓಮ್‌ನ ಹೊರೆ. ಅದಕ್ಕೂ ಮುಖ್ಯವಾಗಿ, ಆಂಪ್ಲಿಫೈಯರ್ 4 ಓಮ್ ತಾಳಬಲ್ಲುದೇ ಎಂದು ಅದರ ಹಿಂಬದಿಯಲ್ಲಿ ಮೊದಲು ನೋಡಿಕೊಳ್ಳಬೇಕು.

ಸ್ವಂತ ಪವರ್ ಪ್ಲಗ್ ಇರುವ ಸಬ್‌ವೂಫರ್‌ಗೆ ಈ ಲೇಖನ ಅನ್ವಯಿಸುವುದಿಲ್ಲ. ಅದರೊಳಗೇ ಆಂಪ್ಲಿಫೈಯರ್ ಇರುವುದರಿಂದ ಅದಕ್ಕೆ ಹೋಗುವುದು ಆರ್.ಸಿ.ಎ. ಪಿನ್ನಿನ ಸಿಗ್ನಲ್ ಕೇಬಲ್. ಅಲ್ಲಿ ದಪ್ಪ ತಂತಿಯಿಂದ ಏನೂ ಲಾಭವಿಲ್ಲ.

3. ಲೆಕ್ಕ ಹಾಕಿ

ಬಹುಕಾಲದಿಂದ ಬಳಕೆಯಲ್ಲಿರುವ ನಿಯಮ ಇದು: ಹೋಗಿಬರುವ ತಂತಿಯ ಒಟ್ಟು ರೋಧವು ಸ್ಪೀಕರ್‌ನ ಓಮ್ ಅಂಕಿಯ ಶೇಕಡ 5ನ್ನು ಮೀರಬಾರದು. 8 ಓಮ್ ಸ್ಪೀಕರ್‌ಗೆ ಮಿತಿ 0.4 ಓಮ್, 4 ಓಮ್ ಸ್ಪೀಕರ್‌ಗೆ 0.2 ಓಮ್. ಒಂದು ಚದರ ಮಿಲಿಮೀಟರ್‌ನ ಶುದ್ಧ ತಾಮ್ರದ ತಂತಿಗೆ ಮೀಟರ್‌ಗೆ ಸುಮಾರು 0.017 ಓಮ್ ರೋಧವಿರುತ್ತದೆ. ಎಳೆಗಳನ್ನು ಹೊಸೆದು ಮಾಡಿದ ಬಳುಕುವ ತಂತಿಗೆ ಮಾನಕಗಳು 0.0195 ಓಮ್‌ವರೆಗೆ ಅವಕಾಶ ಕೊಡುತ್ತವೆ. ನಾವು ಇದನ್ನು 0.02 ಎಂದು ಹಿಡಿದರೆ ಲೆಕ್ಕ ಬಾಯಲ್ಲೇ ಆಗುವಷ್ಟು ಸರಳವಾಗುತ್ತದೆ:

8 ಓಮ್ ಸ್ಪೀಕರ್: ಚದರ ಮಿ.ಮೀ. × 10 = ಗರಿಷ್ಠ ಮೀಟರ್
6 ಓಮ್ ಸ್ಪೀಕರ್: ಚದರ ಮಿ.ಮೀ. × 7.5 = ಗರಿಷ್ಠ ಮೀಟರ್
4 ಓಮ್ ಸ್ಪೀಕರ್: ಚದರ ಮಿ.ಮೀ. × 5 = ಗರಿಷ್ಠ ಮೀಟರ್

ಬೇರೆ ಯಾವುದೇ ಅಂಕಿ ಬಂದರೆ ಓಮ್ ಅನ್ನು ಒಂದೂಕಾಲರಿಂದ ಗುಣಿಸಿದರೆ ಚದರ ಮಿ.ಮೀ. ಪಕ್ಕದ ಗುಣಕ ಸಿಗುತ್ತದೆ. ಹೀಗಾಗಿ ಒಂದೂವರೆ ಸ್ಕ್ವೇರ್ ತಾಮ್ರದ ಕೇಬಲ್ 8 ಓಮ್‌ಗೆ 15 ಮೀಟರ್‌ವರೆಗೆ, 4 ಓಮ್‌ಗೆ ಏಳೂವರೆ ಮೀಟರ್‌ವರೆಗೆ ನಿಶ್ಚಿಂತೆಯಿಂದ ಸಾಲುತ್ತದೆ. ಎರಡೂವರೆ ಸ್ಕ್ವೇರ್ ಅನುಕ್ರಮವಾಗಿ 25 ಮತ್ತು 12.5 ಮೀಟರ್‌ಗೆ ಸಾಲುತ್ತದೆ.

ನಮ್ಮ ಹಾಲ್‌ನ ಸ್ಪೀಕರ್‌ಗಳು 6 ಓಮ್‌ನವು ಎಂದಿರಲಿ. ಮುಂದಿನ ಬಲ ಸ್ಪೀಕರ್‌ಗೆ 5 ÷ 7.5 = 0.67, ಅಂದರೆ ಮುಕ್ಕಾಲು ಸ್ಕ್ವೇರ್ ಸಾಕು. ಹಿಂದಿನದಕ್ಕೆ 12.5 ÷ 7.5 = 1.67, ಅಂದರೆ ಒಂದೂವರೆ ಕಡಿಮೆಯಾಗಿ ಎರಡೂವರೆಗೆ ಹೋಗಬೇಕು. ಬಹಳಷ್ಟು ಮನೆಗಳಲ್ಲಿ ಇದು ತಿರುಗುಮುರುಗಾಗಿರುವುದನ್ನು ಕಂಡಿದ್ದೇನೆ. ಮುಂದಿನ ಸ್ಪೀಕರ್ ದೊಡ್ಡದು ಎಂದು ಅದಕ್ಕೆ ದಪ್ಪ ಕೇಬಲ್ ಹಾಕಿ, ಹಿಂದಿನದು ಪುಟ್ಟದು ಎಂದು ಅದಕ್ಕೆ ಡಬ್ಬಿಯಲ್ಲಿ ಬಂದ ನೂಲಿನಂಥ ತಂತಿಯನ್ನೇ ಜೋಡಿಸಿ ಎಳೆದಿರುತ್ತಾರೆ. ತಂತಿ ನೋಡುವುದು ದೂರವನ್ನು ಮತ್ತು ಓಮ್ ಅನ್ನು. ಪೆಟ್ಟಿಗೆಯ ಗಾತ್ರ ಅದಕ್ಕೆ ಕಾಣುವುದಿಲ್ಲ.

ಶೇಕಡ 5 ಮೀರಿದರೆ ಆಗುವುದೇನು? ದನಿ ಸ್ವಲ್ಪ ತಗ್ಗುವುದು ದೊಡ್ಡ ತೊಂದರೆಯಲ್ಲ, ವಾಲ್ಯೂಮ್ ತಿರುಗಿಸಿದರೆ ಅದು ಸರಿಹೋಗುತ್ತದೆ. ತೊಂದರೆ ಇರುವುದು ಸ್ಪೀಕರ್‌ನ ಇಂಪಿಡೆನ್ಸ್ ಏರಿಳಿಯುವುದರಲ್ಲಿ. ಇಂಪಿಡೆನ್ಸ್ ತಗ್ಗಿದ ಸ್ವರಗಳಲ್ಲಿ ತಂತಿ ಹೆಚ್ಚು ನುಂಗುತ್ತದೆ, ಏರಿದ ಸ್ವರಗಳಲ್ಲಿ ಕಡಿಮೆ ನುಂಗುತ್ತದೆ. ಹಾಗಾಗಿ ನಾದದ ಹದವೇ ಬದಲಾಗುತ್ತದೆ. ಮನೆಯಲ್ಲಿ ಉಳಿದಿದ್ದ ಅರ್ಧ ಮಿ.ಮೀ. ವ್ಯಾಸದ ಟೆಲಿಫೋನ್ ತಂತಿಯನ್ನು 10 ಮೀಟರ್ ಎಳೆದರೆ ಹೋಗಿಬರುವ ರೋಧ 1.7 ಓಮ್ ದಾಟುತ್ತದೆ. ಆಗ 6.4 ಓಮ್‌ನ ತಗ್ಗಿನಲ್ಲಿ 2 ಡೆಸಿಬೆಲ್‌ಗಿಂತ ಹೆಚ್ಚು ನಷ್ಟ, 40 ಓಮ್‌ನ ಏರಿನಲ್ಲಿ ಅರ್ಧ ಡೆಸಿಬೆಲ್‌ಗಿಂತ ಕಡಿಮೆ ನಷ್ಟ. ಡೆಸಿಬೆಲ್ ಎಂದರೆ ದನಿಯ ಮಟ್ಟದ ಅಳತೆ. ಒಂದೂವರೆ ಡೆಸಿಬೆಲ್ ಮೀರಿದ ಈ ವ್ಯತ್ಯಾಸವನ್ನು ಗಮನವಿಟ್ಟು ಕೇಳುವವರ ಕಿವಿ ಹಿಡಿಯುತ್ತದೆ. ನಿಯಮದೊಳಗೆ ಇದ್ದರೆ ಅದೇ ವ್ಯತ್ಯಾಸ ಅರ್ಧ ಡೆಸಿಬೆಲ್‌ನೊಳಗೆ ಉಳಿಯುತ್ತದೆ.

ಮಿತಿಯೊಳಗೆ ಬಂದ ಮೇಲೆ ಇನ್ನಷ್ಟು ದಪ್ಪಕ್ಕೆ ಹೋದರೆ ಸಿಗುವುದು ಅತ್ಯಲ್ಪ. 8 ಓಮ್ ಸ್ಪೀಕರ್‌ಗೆ 5 ಮೀಟರ್ ದೂರದಲ್ಲಿ ಒಂದು ಸ್ಕ್ವೇರ್ ಬದಲು ಎರಡೂವರೆ ಸ್ಕ್ವೇರ್ ಹಾಕಿದರೆ ಆಗುವ ಲಾಭ ಸುಮಾರು 0.12 ಡೆಸಿಬೆಲ್. ಮನಸ್ಸಿನ ಸಮಾಧಾನಕ್ಕೆ ಒಂದು ಗಾತ್ರ ಮೇಲೆ ಹೋಗುವುದನ್ನು ನಾನು ಬೇಡವೆನ್ನುವುದಿಲ್ಲ; ಆ ಹಣವನ್ನು ಕೋಣೆಯ ಪರದೆ, ಜಮಖಾನಕ್ಕೆ ಹಾಕಿದರೆ ಕಿವಿಗೆ ತಿಳಿಯುವ ಬದಲಾವಣೆ ಸಿಗುತ್ತದೆ ಎಂದಷ್ಟೇ ಹೇಳುತ್ತೇನೆ. ಎಡ ಬಲದ ಕೇಬಲ್‌ಗಳು ಸಮನಾದ ಉದ್ದ ಇರಲೇಬೇಕು ಎಂಬ ನಂಬಿಕೆಯೂ ಇದೇ ಜಾತಿಯದು. ಒಂದೂವರೆ ಸ್ಕ್ವೇರ್‌ನಲ್ಲಿ ಒಂದು ಬದಿ 3, ಇನ್ನೊಂದು ಬದಿ 7 ಮೀಟರ್ ಇದ್ದರೂ 8 ಓಮ್ ಸ್ಪೀಕರ್‌ನಲ್ಲಿ ವ್ಯತ್ಯಾಸ 0.1 ಡೆಸಿಬೆಲ್‌ನ ಆಸುಪಾಸು. ಸಮ ಮಾಡಲೆಂದು ನಾಲ್ಕು ಮೀಟರ್ ಸುರುಳಿಯನ್ನು ಸೋಫಾದ ಹಿಂದೆ ತುರುಕುವ ಅಗತ್ಯವಿಲ್ಲ.

ಹಾಗಾದರೆ ಊರ ಜಾತ್ರೆಯಲ್ಲಿ ಅಷ್ಟು ದೂರದ ಹಾರ್ನ್‌ಗೆ ತೆಳು ತಂತಿ ಹೇಗೆ ಸಾಲುತ್ತದೆ ಎಂದು ಕೇಳಬಹುದು. ಅದು 100 ವೋಲ್ಟಿನ ಲೈನ್ ಪದ್ಧತಿ. ಟ್ರಾನ್ಸ್‌ಫಾರ್ಮರ್ ಮೂಲಕ ವೋಲ್ಟೇಜ್ ಏರಿಸಿ ಕಳಿಸುವುದರಿಂದ 100 ವ್ಯಾಟ್‌ಗೆ ಕೇವಲ 1 ಆಂಪಿಯರ್ ಹರಿಯುತ್ತದೆ. ಮನೆಯ 8 ಓಮ್ ಸ್ಪೀಕರ್‌ಗೆ ಅದೇ 100 ವ್ಯಾಟ್ ಕೊಡಲು ಮೂರೂವರೆ ಆಂಪಿಯರ್ ಬೇಕು. ಎರಡೂ ಬೇರೆ ಲೆಕ್ಕ.

4. ಗೇಜ್ ಅಂಕಿಯನ್ನು ಚದರ ಮಿಲಿಮೀಟರ್‌ಗೆ ತಿರುಗಿಸಿ

ಆಮದು ಕೇಬಲ್‌ಗಳ ಮೇಲೆ ಅಮೆರಿಕದ ಗೇಜ್, ಅಂದರೆ ಎ.ಡಬ್ಲ್ಯು.ಜಿ. ಅಂಕಿ ಇರುತ್ತದೆ. ಇದರಲ್ಲಿ ಅಂಕಿ ಇಳಿದಷ್ಟೂ ತಂತಿ ದಪ್ಪ, ಪ್ರತಿ ಮೂರು ಅಂಕಿ ಇಳಿದಾಗ ವಿಸ್ತೀರ್ಣ ದುಪ್ಪಟ್ಟು. 18 ಗೇಜ್ ಎಂದರೆ 0.82 ಚದರ ಮಿ.ಮೀ., 16 ಎಂದರೆ 1.31, 14 ಎಂದರೆ 2.08, 12 ಎಂದರೆ 3.31. ಅಂದರೆ ನಮ್ಮ ಒಂದೂವರೆ ಸ್ಕ್ವೇರ್ 16 ಗೇಜ್‌ಗಿಂತ ತುಸು ದಪ್ಪ, ಎರಡೂವರೆ ಸ್ಕ್ವೇರ್ 14 ಗೇಜ್‌ಗಿಂತ ದಪ್ಪ.

ಇಲ್ಲೊಂದು ಗುಂಡಿಯಿದೆ. ನಮ್ಮಲ್ಲಿ ಮೋಟಾರು ವೈಂಡಿಂಗ್ ಮಾಡುವವರು ಮತ್ತು ಹಳೆಯ ಎಲೆಕ್ಟ್ರಿಕಲ್ ಅಂಗಡಿಯವರು ಗೇಜ್ ಎಂದಾಗ ಹೇಳುತ್ತಿರುವುದು ಬ್ರಿಟಿಷ್ ಪದ್ಧತಿಯ ಎಸ್.ಡಬ್ಲ್ಯು.ಜಿ. ಅಂಕಿ. ಅದರ 16ನೇ ಗೇಜ್ 1.63 ಮಿ.ಮೀ. ವ್ಯಾಸದ್ದು, ಅದು ಅಮೆರಿಕದ 14ನೇ ಗೇಜ್‌ನ ವ್ಯಾಸ. ಒಂದೇ ತಂತಿಗೆ ಎರಡು ಅಂಕಿ ಇರುವುದರಿಂದ ಗೇಜ್ ಹೇಳಿ ಕೇಳಬೇಡಿ, ಸ್ಕ್ವೇರ್ ಹೇಳಿ ಕೇಳಿ.

ಬಳುಕುವ ಜೋಡಿ ತಂತಿಗಳನ್ನು "23/36", "40/36" ಎಂದೂ ಮಾರುತ್ತಾರೆ. ಮೊದಲಿನದು ಎಳೆಗಳ ಸಂಖ್ಯೆ, ಎರಡನೆಯದು ಪ್ರತಿ ಎಳೆಯ ಬ್ರಿಟಿಷ್ ಗೇಜ್. 36ನೇ ಗೇಜ್‌ನ ಎಳೆ 0.193 ಮಿ.ಮೀ. ಇರುವುದರಿಂದ 23/36 ಎಂದರೆ 0.67 ಚದರ ಮಿ.ಮೀ., 40/36 ಎಂದರೆ 1.17. ಕೆಲವರು ಇದನ್ನೇ 40/76 ಎನ್ನುತ್ತಾರೆ. ಅಲ್ಲಿ 76 ಎಂದರೆ 0.0076 ಇಂಚು, ಅದೂ 0.193 ಮಿ.ಮೀ. ಅಂಕಿ ಬೇರೆಯಾದರೂ ತಂತಿ ಒಂದೇ.

5. ಲೋಹವನ್ನು ಪರೀಕ್ಷಿಸಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಕಾದ ಹಂತ ಇದು. ಬೆಂಗಳೂರಿನ ಎಸ್.ಪಿ. ರಸ್ತೆಯಿರಲಿ, ನಿಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಿರಲಿ, ಆನ್‌ಲೈನ್ ಮಾರುಕಟ್ಟೆಯಿರಲಿ, ಸ್ಪೀಕರ್ ಕೇಬಲ್ ಎಂಬ ಹೆಸರಿನಲ್ಲಿ ಸಿಗುವ ಅಗ್ಗದ ಸರಕಿನಲ್ಲಿ ಸಿ.ಸಿ.ಎ. ಧಾರಾಳವಾಗಿದೆ. ಸಿ.ಸಿ.ಎ. ಎಂದರೆ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಲೇಪ. ಅದರ ರೋಧ ಶುದ್ಧ ತಾಮ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು. ಮಾರಾಟಗಾರ ಅದನ್ನು ಮುಚ್ಚಿಡದೆ ಹೇಳಿದರೆ ಅದರಲ್ಲಿ ಮೋಸವೇನಿಲ್ಲ. ಎರಡೂವರೆ ಸ್ಕ್ವೇರ್ ಸಿ.ಸಿ.ಎ.ಯನ್ನು ಒಂದೂವರೆ ಸ್ಕ್ವೇರ್ ತಾಮ್ರ ಎಂದೇ ಲೆಕ್ಕ ಹಿಡಿದು ಬೆಲೆ ಹೋಲಿಸಿ ನೋಡಿ. ಆದರೆ ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಸ್ಕ್ರೂ ಬಿಗಿದ ಜಾಗದಲ್ಲಿ ಕಾಲಕ್ರಮೇಣ ಸಡಿಲವಾಗುತ್ತದೆ, ಎಳೆಗಳು ಬೇಗ ಮುರಿಯುತ್ತವೆ. ಗೋಡೆಯೊಳಗೆ ಹಾಕುವ ಕೇಬಲ್‌ಗೆ ನಾನು ಅದನ್ನು ಬಳಸುವುದಿಲ್ಲ.

ಪರೀಕ್ಷೆ ಕಷ್ಟದ್ದಲ್ಲ. ಒಂದು ಎಳೆಯನ್ನು ಬಿಡಿಸಿ, ಬ್ಲೇಡಿನ ಅಂಚಿನಿಂದ ಉದ್ದಕ್ಕೆ ಕೆರೆಯಿರಿ. ಒಳಗೂ ಕೆಂಪಾಗಿದ್ದರೆ ತಾಮ್ರ, ಬೆಳ್ಳಗೆ ಹೊಳೆದರೆ ಸಿ.ಸಿ.ಎ. ಹೊರಗೆ ಬೆಳ್ಳಗಿದ್ದು ಕೆರೆದಾಗ ಕೆಂಪು ಕಂಡರೆ ಅದು ತವರದ ಲೇಪವಿರುವ ತಾಮ್ರ. ಅದು ಒಳ್ಳೆಯ ಸರಕು. ತೂಕವೂ ಗುಟ್ಟು ಬಿಟ್ಟುಕೊಡುತ್ತದೆ. ಎರಡೂವರೆ ಸ್ಕ್ವೇರ್‌ನ ಜೋಡಿ ಕೇಬಲ್ 10 ಮೀಟರ್ ಇದ್ದರೆ ಅದರೊಳಗಿನ ತಾಮ್ರವೇ ಸುಮಾರು 450 ಗ್ರಾಂ ತೂಗಬೇಕು, ಸಿ.ಸಿ.ಎ. ಆದರೆ ಲೋಹದ ತೂಕ 200 ಗ್ರಾಂ ಮುಟ್ಟುವುದಿಲ್ಲ. ಹೊದಿಕೆಯ ತೂಕ ಸೇರಿದರೂ ಕೈಯಲ್ಲಿ ಎತ್ತಿದಾಗ ವ್ಯತ್ಯಾಸ ತಿಳಿಯುತ್ತದೆ.

ಇನ್ನು ದಪ್ಪ ನಿಜವೇ ಎಂಬ ಪ್ರಶ್ನೆ. ಒಂದು ಎಳೆಯನ್ನು ಪೆನ್ಸಿಲ್‌ಗೆ ಒತ್ತೊತ್ತಾಗಿ 20 ಸುತ್ತು ಸುತ್ತಿ, ಆ ಸುತ್ತುಗಳ ಒಟ್ಟು ಅಗಲವನ್ನು ಸ್ಕೇಲಿನಿಂದ ಅಳೆಯಿರಿ. 4 ಮಿ.ಮೀ. ಬಂದರೆ ಎಳೆಯ ವ್ಯಾಸ 0.2 ಮಿ.ಮೀ. ಬಳಿಕ ಎಳೆಗಳನ್ನು ಎಣಿಸಿ. ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಅದನ್ನು 0.785ರಿಂದ ಮತ್ತು ಎಳೆಗಳ ಸಂಖ್ಯೆಯಿಂದ ಗುಣಿಸಿದರೆ ನಿಜವಾದ ಚದರ ಮಿ.ಮೀ. ಸಿಗುತ್ತದೆ. 50 ಎಳೆಗಳಿದ್ದರೆ 0.2 × 0.2 × 0.785 × 50 = 1.57. ಒಮ್ಮೆ ನಾನು ಎರಡೂವರೆ ಎಂದು ಮುದ್ರಿಸಿದ್ದ ಸುರುಳಿಯೊಂದನ್ನು ತಂದು ಮನೆಯಲ್ಲಿ ಹೀಗೆ ಎಣಿಸಿದಾಗ ಲೆಕ್ಕ ಒಂದೂವರೆಯನ್ನೂ ಮುಟ್ಟಲಿಲ್ಲ. ಕೆರೆದು ನೋಡಿದರೆ ಒಳಗೆ ಬೆಳ್ಳಗಿತ್ತು. ಅಂದಿನಿಂದ ಒಂದು ಅಡಿ ಮಾದರಿ ಕತ್ತರಿಸಿಸಿಕೊಂಡು ನೋಡದೆ ಸುರುಳಿ ಕೊಳ್ಳುವುದಿಲ್ಲ.

ಮಲ್ಟಿಮೀಟರ್ ಇರುವವರು ಒಂದೆರಡು ಮೀಟರ್ ತುಂಡಿನ ರೋಧ ಅಳೆಯಲು ಹೋಗಬೇಡಿ, ಮೀಟರಿನ ಕಡ್ಡಿಗಳ ರೋಧವೇ ಅದಕ್ಕಿಂತ ಹೆಚ್ಚಿರುತ್ತದೆ. ಕತ್ತರಿಸದ 90 ಮೀಟರ್ ಸುರುಳಿಯ ಎರಡೂ ತುದಿ ಸಿಕ್ಕರೆ ಅಳೆದು, ಕಡ್ಡಿಗಳನ್ನು ಪರಸ್ಪರ ಮುಟ್ಟಿಸಿದಾಗ ಬರುವ ಅಂಕಿಯನ್ನು ಕಳೆಯಿರಿ. ಒಂಟಿ ತಂತಿಯ ಒಂದೂವರೆ ಸ್ಕ್ವೇರ್ ತಾಮ್ರಕ್ಕೆ ಸುಮಾರು 1.2 ಓಮ್ ಮೀರಬಾರದು, ಎರಡೂವರೆಗೆ ಸುಮಾರು 0.7.

ಈ ತಲೆನೋವೇ ಬೇಡವೆನ್ನುವವರಿಗೆ ನನ್ನ ಸಲಹೆ ಸರಳ: ಮನೆಯ ವೈರಿಂಗ್‌ಗೆ ಬಳಸುವ, ಐ.ಎಸ್. 694 ಎಂಬ ಮಾನಕ ಸಂಖ್ಯೆ ಮತ್ತು ಐ.ಎಸ್.ಐ. ಗುರುತು ಇರುವ ತಾಮ್ರದ ತಂತಿಯನ್ನು ಕೆಂಪು, ಕಪ್ಪು ಎರಡು ಬಣ್ಣಗಳಲ್ಲಿ ತಂದು, ಎರಡನ್ನೂ ಹಗ್ಗದಂತೆ ಹೊಸೆದು ಬಳಸಿ. ಸ್ಪೀಕರ್‌ಗೆ ಅದು ಏನೂ ಕಡಿಮೆಯಲ್ಲ. ಇದರ ವಿರುದ್ಧವಾಗಿ, ಸ್ಪೀಕರ್ ಕೇಬಲನ್ನು ಎಂದಿಗೂ 230 ವೋಲ್ಟಿನ ಕೆಲಸಕ್ಕೆ ಬಳಸಬೇಡಿ.

6. ಎಳೆಯುವಾಗ

ಮನೆ ಕಟ್ಟುವಾಗಲೇ ಗೋಡೆಯಲ್ಲಿ ಸ್ಪೀಕರ್‌ಗೆಂದು ಪ್ರತ್ಯೇಕ ಪೈಪ್ ಹಾಕಿಸಿ. ಲೈಟು, ಪ್ಲಗ್ ಪಾಯಿಂಟ್‌ಗಳ ಪೈಪಿನಲ್ಲಿಯೇ ಸ್ಪೀಕರ್ ತಂತಿಯನ್ನೂ ತೂರಿಸಲು ಎಲೆಕ್ಟ್ರಿಷಿಯನ್ ಮುಂದಾದರೆ ಒಪ್ಪಬೇಡಿ. ಒಂದು ಕಡೆ ಹೊದಿಕೆ ಕಿತ್ತುಹೋದರೂ 230 ವೋಲ್ಟ್ ನೇರವಾಗಿ ನೀವು ಕೈಯಿಂದ ಮುಟ್ಟುವ ಸ್ಪೀಕರ್ ತುದಿಗೆ ಬರುತ್ತದೆ. ವೈರಿಂಗ್ ತಂತಿ ಬಳಸಿದ್ದರೆ ಎರಡೂ ತುದಿಗಳಲ್ಲಿ "ಸ್ಪೀಕರ್" ಎಂದು ಚೀಟಿ ಅಂಟಿಸಿ, ಇಲ್ಲದಿದ್ದರೆ ಹತ್ತು ವರ್ಷದ ಬಳಿಕ ಬರುವ ಇನ್ನೊಬ್ಬ ಎಲೆಕ್ಟ್ರಿಷಿಯನ್ ಅದಕ್ಕೆ ಲೈಟು ಜೋಡಿಸಿಯಾನು. ಗೋಡೆಯೊಳಗೆ ಹೋಗುವ ಕೇಬಲ್‌ಗೆ ಮಾತ್ರ ಲೆಕ್ಕಕ್ಕಿಂತ ಒಂದು ಗಾತ್ರ ದಪ್ಪ ಹಾಕುವುದು ಜಾಣತನ, ಏಕೆಂದರೆ ಮುಂದೆ 4 ಓಮ್‌ನ ಸ್ಪೀಕರ್ ಬಂದರೆ ಅದನ್ನು ಬದಲಿಸುವುದು ಸುಲಭವಲ್ಲ.

7. ಜೋಡಿಸುವಾಗ

ಸ್ಪ್ರಿಂಗ್ ಕ್ಲಿಪ್ಪಿನ ತೂತು ಚಿಕ್ಕದಿದ್ದು ಎರಡೂವರೆ ಸ್ಕ್ವೇರ್ ಹೋಗದಿದ್ದರೆ ಕೆಲವರು ಅರ್ಧದಷ್ಟು ಎಳೆಗಳನ್ನೇ ಕತ್ತರಿಸಿ ತೂರಿಸುತ್ತಾರೆ. ಹಾಗೆ ಮಾಡದೆ ಪಿನ್ ತುದಿಯ ಲಗ್ (ತಂತಿಯ ತುದಿಗೆ ಕೂರಿಸುವ ಲೋಹದ ತುಂಡು) ಒತ್ತಿಸಿ ಬಳಸಿ. ತುದಿಯಲ್ಲಿ ಹತ್ತು ಹನ್ನೆರಡು ಮಿ.ಮೀ.ಗಿಂತ ಹೆಚ್ಚು ಹೊದಿಕೆ ಸುಲಿಯಬೇಡಿ, ಎಳೆಗಳನ್ನು ಬಿಗಿಯಾಗಿ ಹೊಸೆಯಿರಿ. ಹೊರಗೆ ಚಾಚಿದ ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್ ಮುಟ್ಟಿದರೂ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ತಂತಿ ಉಳಿಸಲೆಂದು ಎಡ ಬಲ ಸ್ಪೀಕರ್‌ಗಳ ಮೈನಸ್ ತಂತಿಗಳನ್ನು ಒಂದೇ ಮಾಡುವುದೂ ಅಷ್ಟೇ ಅಪಾಯ. ಇಂದಿನ ಹಲವು ಆಂಪ್ಲಿಫೈಯರ್‌ಗಳಲ್ಲಿ ಮೈನಸ್ ತುದಿಯಲ್ಲಿಯೂ ಸಿಗ್ನಲ್ ಇರುತ್ತದೆ.

ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಬೇಕು. ಕೇಬಲ್‌ನ ಒಂದು ತಂತಿಯ ಮೇಲೆ ಗೆರೆ, ಉಬ್ಬು ಅಥವಾ ಅಕ್ಷರ ಇರುತ್ತದೆ, ಅದನ್ನೇ ಎರಡೂ ತುದಿಯಲ್ಲಿ ಹಿಡಿಯಿರಿ. ಒಂದು ಸ್ಪೀಕರ್ ಮಾತ್ರ ತಿರುಗಾಮುರುಗಾ ಆದರೆ ಮೃದಂಗದ ಎಡಭಾಗದ ಗುಮುಕಿ ಇದ್ದಕ್ಕಿದ್ದಂತೆ ಕೃಶವಾಗುತ್ತದೆ. ತಂತಿ ತೆಳುವಾಯಿತೆಂದು ದೂರುವವರ ಮನೆಯಲ್ಲಿ ಎಷ್ಟೋ ಸಲ ಇದೇ ಕಾರಣವಾಗಿರುತ್ತದೆ. ಅನುಮಾನವಿದ್ದರೆ ಆಂಪ್ಲಿಫೈಯರ್‌ನಿಂದ ಕೇಬಲನ್ನು ಪೂರ್ತಿ ಬಿಡಿಸಿ, ಆ ತುದಿಗಳಿಗೆ ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿ. ಸೆಲ್ಲಿನ ಪ್ಲಸ್ ಕೇಬಲ್‌ನ ಪ್ಲಸ್‌ಗೆ ತಗುಲಿದಾಗ ಸ್ಪೀಕರ್ ಪೆಟ್ಟಿಗೆಯಲ್ಲಿ ತಗ್ಗು ಸ್ವರ ನುಡಿಸುವ ಭಾಗವಾದ ವೂಫರ್‌ನ ಕಾಗದದ ಬಟ್ಟಲು ಮುಂದಕ್ಕೆ ಜಿಗಿಯಬೇಕು. ಎರಡೂ ಸ್ಪೀಕರ್ ಒಂದೇ ದಿಕ್ಕಿಗೆ ಜಿಗಿದರೆ ಜೋಡಣೆ ಸರಿಯಿದೆ.

ಮಂಗಳೂರು, ಉಡುಪಿ, ಕಾರವಾರದಂಥ ಕಡಲ ಬದಿಯ ಊರುಗಳ ಓದುಗರಿಗೆ ಒಂದು ಕೆಲಸ ಹೆಚ್ಚು. ಉಪ್ಪುಗಾಳಿಗೆ ಬರಿಯ ತಾಮ್ರದ ತುದಿ ಕಪ್ಪಾಗಿ, ಹಸಿರುಗಟ್ಟಿ, ಸಂಪರ್ಕ ಕೆಡುತ್ತದೆ. ಎಷ್ಟು ದಪ್ಪದ ಕೇಬಲ್ ಇದ್ದರೂ ಆಗ ಫಲವಿಲ್ಲ. ಅಲ್ಲಿ ತವರದ ಲೇಪವಿರುವ ಕೇಬಲ್ ಸಿಕ್ಕರೆ ಅದನ್ನೇ ತನ್ನಿ. ಸಿಗದಿದ್ದರೆ ತುದಿಯಲ್ಲಿ ಒಂದಡಿ ಹೆಚ್ಚು ಬಿಟ್ಟುಕೊಂಡಿದ್ದು, ಮಳೆಗಾಲ ಕಳೆದ ಮೇಲೆ ಒಮ್ಮೆ ಬಿಚ್ಚಿ ನೋಡಿ, ಬಣ್ಣಗೆಟ್ಟಷ್ಟನ್ನು ಕತ್ತರಿಸಿ ಹೊಸ ತುದಿ ಸುಲಿದು ಮತ್ತೆ ಬಿಗಿಯಿರಿ.